ಹಸಿವು ಬಿಟ್ಟುಹೋದ ತಪಸ್ಸುಕಾಲ

ಪಾಸ್ಖ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಬಂತೆಂಬುದು ನಮ್ಮ ಮನೆಯಲ್ಲಿ ಮೊದಲು ಗೊತ್ತಾಗುತ್ತಿದ್ದುದು ಮೂಗಿಗೆ. ಬೂದಿ ಬುಧವಾರ ಬೆಳಗ್ಗೆ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದ ನನ್ನ ಅಣ್ಣ ಮರುದಿನದಿಂದಲೇ ತಲೆಗೆ ಧಾರಾಳವಾಗಿ ಎಣ್ಣೆ ಬಳಿದುಕೊಂಡು, ನೀಟಾಗಿ ಬೈತಲೆ ತೆಗೆದು, ಮದುವೆ ಗಂಡಿನ ಹಾಗೆ ಬೇಕರಿಗೆ ಇಳಿಯುತ್ತಿದ್ದ. ಉಪವಾಸ ಇರುವವರು ಮುಖ ಜೋಲು ಹಾಕಿಕೊಂಡು ತಿರುಗಬಾರದು, ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕು, ನೋಡಿದವರಿಗೆ ಉಪವಾಸವೆಂದೇ ಗೊತ್ತಾಗಬಾರದು ಎಂದು ಪೂಜೆಯಲ್ಲಿ ಕೇಳಿದ್ದನ್ನು ಅವನು ಅಕ್ಷರಶಃ ಪಾಲಿಸುತ್ತಿದ್ದ. ಕಣಕ ನಾದುವ ಕೋಣೆಯೆಲ್ಲ ಎಣ್ಣೆ ಘಮಘಮ. ಬ್ರೆಡ್ಡಿಗೂ ಅದೇ ವಾಸನೆ ಹತ್ತುತ್ತದೆಂದು ನಾನು ರೇಗುತ್ತಿದ್ದೆ. ಗುಟ್ಟಾಗಿ ಉಪವಾಸ ಮಾಡುವುದೆಂದರೆ ಇದೇನಾ, ಬೀದಿಗೆಲ್ಲ ಗೊತ್ತು ಎಂದರೆ ನಕ್ಕು, ಕಣಕದ ಕೈಯಿಂದಲೇ ನನ್ನ ಮೂಗು ಮುಟ್ಟಲು ಬರುತ್ತಿದ್ದ.

ಅವನ ಕಥೆ ಹೇಳುವಾಗ ಅಡ್ಡಸುತ್ತು ಬಳಸುವುದು ನನಗಾಗದು. ಕೊನೆಯ ತಪಸ್ಸುಕಾಲದಲ್ಲಿ ಅವನ ಗಂಟಲೊಳಗೆ ಗಡ್ಡೆ ಬೆಳೆಯುತ್ತಿತ್ತು. ನಾವೆಲ್ಲ ಅದನ್ನು ಭಕ್ತಿ ಎಂದುಕೊಂಡೆವು. ಅವನೂ ಹಾಗೆಯೇ ಅಂದುಕೊಂಡ. ದೇವರಿಗೆ ಗೊತ್ತಿತ್ತಲ್ಲ, ಅವನೇಕೆ ಒಂದು ಮಾತು ಹೇಳಲಿಲ್ಲ ಎಂಬ ಸಿಟ್ಟು ನನಗೆ ಇನ್ನೂ ಇದೆ. ಇಟ್ಟುಕೊಳ್ಳುವಷ್ಟು ದಿನ ಇಟ್ಟುಕೊಳ್ಳುತ್ತೇನೆ.

ನಮ್ಮದು ಕೆಳಗೆ ಬೇಕರಿ, ಮೇಲೆ ಮನೆ. ಒಲೆಯ ಹೊಗೆಗೂಡು ಮೇಲಿನ ಕೋಣೆಯ ಗೋಡೆಯೊಳಗೇ ಹಾದುಹೋಗುತ್ತದೆ. ಆ ಗೋಡೆಗೆ ಬೆನ್ನು ಕೊಟ್ಟರೆ ಚಳಿಯಲ್ಲೂ ಬೆಚ್ಚಗಿರುತ್ತದೆ. ಅಣ್ಣ ಹುಟ್ಟಿದ್ದು ಆ ಕೋಣೆಯಲ್ಲೇ. ಅಪ್ಪ ಅವನಿಗೆ ನಾದುವುದು, ಕಾಯುವುದು, ಉದ್ದ ಹಿಡಿಯ ಹಲಗೆಯಲ್ಲಿ ಬ್ರೆಡ್ಡನ್ನು ಒಲೆಗೆ ಜಾರಿಸುವುದು ಎಲ್ಲ ಕಲಿಸಿದ. ಜೊತೆಗೆ ಇನ್ನೊಂದನ್ನೂ ಕಲಿಸಿದ: ತಪಸ್ಸುಕಾಲದಲ್ಲಿ ಮನೆಯ ಪ್ರತಿಯೊಬ್ಬರೂ ಏನಾದರೊಂದನ್ನು ಬಿಡಬೇಕು, ಏನು ಬಿಟ್ಟೆ ಎಂದು ದೇವರಿಗೆ ಮಾತ್ರ ಹೇಳಬೇಕು, ಮನೆಯವರು ಅದನ್ನು ಕೇಳಲೇಬಾರದು. ಕೇಳಿದರೆ ಆ ತ್ಯಾಗದ ಪುಣ್ಯವೆಲ್ಲ ಸೋರಿಹೋಯಿತು ಎಂದು ಅಪ್ಪನ ಲೆಕ್ಕ. ಅಪ್ಪ ಹೋದ ಮೇಲೂ ಆ ಕಟ್ಟಳೆ ನಮ್ಮ ಮನೆ ಬಿಡಲಿಲ್ಲ. ಬೇರೆಯವರ ಮನೆಯಲ್ಲಿ ಸೊರಗಿದವನನ್ನು ಕಂಡರೆ ಏನಾಯ್ತೋ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಆ ನಲವತ್ತು ದಿನ ಹಾಗೆ ಕೇಳುವುದೇ ತಪ್ಪು.

ಅಣ್ಣನಿಗೆ ಉಪವಾಸ ಸುಲಭವಾಗಿ ಒಲಿದಿರಲಿಲ್ಲ. ಮೂಲತಃ ಹೊಟ್ಟೆಬಾಕ. ಬಿಸಿ ಬ್ರೆಡ್ಡಿನ ತುದಿಯನ್ನು ಮುರಿದು ಬಾಯಿಗೆ ಹಾಕಿಕೊಂಡು, ನಾಲಿಗೆ ಸುಟ್ಟುಕೊಂಡು, ಸುಟ್ಟ ನಾಲಿಗೆಯಲ್ಲೇ ಇನ್ನೊಂದು ತುಂಡು ತಿನ್ನುವ ಆಸಾಮಿ. ಅಂಥವನು ಒಲೆಯ ಮುಂದೆ ನಿಂತು, ರಾಶಿ ರಾಶಿ ಬ್ರೆಡ್ಡು ಹೊರಗೆ ತೆಗೆಯುತ್ತ, ಒಂದು ಚೂರೂ ತಿನ್ನದೆ ಸಂಜೆಯವರೆಗೆ ಇರುತ್ತಿದ್ದ. ಉಪ್ಪು ಸರಿಯಿದೆಯೇ ಎಂದು ನೋಡಲು ಉಗುರಿನಷ್ಟು ಬಾಯಿಗೆ ಹಾಕಿಕೊಳ್ಳುವುದಕ್ಕೆ ಮಾತ್ರ ಅಪ್ಪನ ಕಾಲದಿಂದ ರಿಯಾಯಿತಿ ಇತ್ತು. ಅದು ಕೆಲಸ, ಊಟವಲ್ಲ. ಹಸಿವು ತಡೆಯಲಾಗದೆ ಅವನು ಹಿಟ್ಟಿನ ಮೂಟೆಗಳ ನಡುವೆ ಮೊಣಕಾಲೂರಿ ಜಪಸರ ಹಿಡಿದು ಕೂತಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹೊಟ್ಟೆ ಗುರ್ರೆನ್ನುವುದು ಗಲ್ಲಾದವರೆಗೂ ಕೇಳಿಸುತ್ತಿತ್ತು. ತಾನು ತಿನ್ನಬೇಕಾಗಿದ್ದ ಬ್ರೆಡ್ಡನ್ನು, ಅದಕ್ಕೆ ಇನ್ನಷ್ಟು ಸೇರಿಸಿ, ಸಂಜೆ ಚೀಲದಲ್ಲಿ ತುಂಬಿಕೊಂಡು ದೊಡ್ಡ ಆಸ್ಪತ್ರೆಗೆ ಹೋಗುತ್ತಿದ್ದ. ಅಲ್ಲಿ ರೋಗಿಗಳ ಮನೆಯವರು ಕಾಯುವ ಹಾಲ್ ಇದೆ. ಬೆಂಚುಗಳ ಮೇಲೆ, ನೆಲದ ಮೇಲೆ ಕಾದು ಕಾದು ಸೋತವರ ಕೈಗೆ ಒಂದೊಂದು ಬ್ರೆಡ್ಡು ಇಟ್ಟು, ಹೆಸರು ಕೇಳದೆ, ಹೇಳದೆ ವಾಪಸ್ ಬರುತ್ತಿದ್ದ.

ಇನ್ನು ಅತ್ತಿಗೆ. ಅವರಿಬ್ಬರಿಗೆ ಮಕ್ಕಳಾಗಲಿಲ್ಲ, ಉಣ್ಣಿಸಲು ಅವಳಿಗೆ ಸಿಕ್ಕಿದ್ದು ಇವನೊಬ್ಬನೇ. ಮದುವೆಯಾದ ದಿನದಿಂದ ಅವಳ ಬಾಯಲ್ಲಿ ಒಂದೇ ಮಾತು. ಊಟ ಆಯ್ತೇನ್ರೀ? ಏನು ತಿಂದ್ರಿ? ಇಷ್ಟೇನಾ? ಇನ್ನೊಂದು ಚೂರು ಹಾಕ್ಲಾ? ಮೆಟ್ಟಿಲ ಮೇಲಿಂದ ಕೂಗುತ್ತಿದ್ದಳು, ಕಿಟಕಿಯಿಂದ ಕೂಗುತ್ತಿದ್ದಳು, ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರೂ ತಲೆ ಹಾಕಿ ಕೇಳುತ್ತಿದ್ದಳು. ತಪಸ್ಸುಕಾಲದಲ್ಲೂ ಕಟ್ಟಳೆ ಮುರಿಯದಂತೆ ಉಪಾಯ ಮಾಡಿ, "ಏನು ಬಿಟ್ಟಿದ್ದೀರಿ ಅಂತ ಕೇಳಲ್ಲಪ್ಪ, ಏನು ತಿಂದಿದ್ದೀರಿ ಅಂತ ಹೇಳಿ ಸಾಕು" ಎಂದು ಅವನ ತಲೆ ತಿನ್ನುತ್ತಿದ್ದಳು. ಅಣ್ಣ ನನ್ನ ಹತ್ತಿರ, "ನಿನ್ನ ಅತ್ತಿಗೆ ಬಾಯಿಗೆ ಒಂದು ದಿನ ರಜ ಸಿಕ್ಕಿದ್ರೆ ಸಾಕು ಕಣೇ" ಅನ್ನುತ್ತಿದ್ದ. ಹಾಗಂದರೂ ಅವಳು ಕೇಳದಿದ್ದ ದಿನ ಅವನಿಗೆ ಏನೋ ಕಳಕೊಂಡ ಹಾಗಾಗುತ್ತಿತ್ತು ಎಂಬುದನ್ನು ನಾನು ಬಲ್ಲೆ.

ಆ ವರ್ಷ ಬೂದಿ ಬುಧವಾರದ ಪೂಜೆಯಲ್ಲಿ ಗುರುಗಳು ಪ್ರಸಂಗ ಮಾಡುತ್ತ, ಮಾಂಸ ಬಿಡುವುದು ದೊಡ್ಡದಲ್ಲ, ನಿಮಗೆ ಅತಿ ಪ್ರಿಯವಾದ, ಆದರೆ ಪಕ್ಕದವರಿಗೆ ಕಿರಿಕಿರಿಯಾದ ಒಂದು ಅಭ್ಯಾಸ ಬಿಟ್ಟು ನೋಡಿ ಎಂದರು. ನಾನು ನನ್ನ ಸಿಟ್ಟನ್ನು ನೆನೆಸಿಕೊಂಡು, ಅದು ನನ್ನ ಕೈಲಾಗದ ಕೆಲಸವೆಂದು ಅಲ್ಲೇ ಕೈಬಿಟ್ಟೆ. ಅತ್ತಿಗೆ ತಲೆ ತಗ್ಗಿಸಿ ಕೂತಿದ್ದಳು. ಮರುದಿನದಿಂದ ಮನೆ ತಣ್ಣಗಾಯಿತು. ಮೆಟ್ಟಿಲ ಮೇಲಿಂದ ಕೂಗಿಲ್ಲ, ಕಿಟಕಿಯಿಂದ ಕೂಗಿಲ್ಲ. ಅಣ್ಣನ ತಟ್ಟೆ ಇಡುತ್ತಾಳೆ, ತೆಗೆಯುತ್ತಾಳೆ, ಬಾಯಿಗೆ ಬೀಗ. ಅವಳು ಏನು ಬಿಟ್ಟಿದ್ದಾಳೆಂದು ನನಗೆ ಎರಡನೇ ದಿನವೇ ಅರ್ಥವಾಯಿತು. ಅಣ್ಣನಿಗೂ ಅರ್ಥವಾಗಿರಬೇಕು, ಒಂದು ಸಲ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಕೇಳುವ ಹಾಗಿಲ್ಲವಲ್ಲ.

ಅವನು ಸೊರಗುತ್ತಿದ್ದ. ಪ್ರತಿ ತಪಸ್ಸುಕಾಲದಲ್ಲೂ ಸೊರಗುತ್ತಿದ್ದ, ಆದ್ದರಿಂದ ಯಾರ ಕಣ್ಣಿಗೂ ಅದು ಕುಕ್ಕಲಿಲ್ಲ. ಏಪ್ರನ್ನಿನ ದಾರವನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿ ಕಟ್ಟತೊಡಗಿದ. ಸಂಜೆ ಉಪವಾಸ ಬಿಡುವಾಗ ಹಾಲಲ್ಲಿ ಅದ್ದಿದ ಬ್ರೆಡ್ಡು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಮುಖ ಮಾತ್ರ ಶಾಂತವಾಗಿತ್ತು. ಹಿಟ್ಟಿನ ಮೂಟೆಗಳ ನಡುವೆ ಈಗ ಒದ್ದಾಟವಿರಲಿಲ್ಲ. ಜಪಸರ ಹಿಡಿದು ಸುಮ್ಮನೆ, ನೆಮ್ಮದಿಯಿಂದ ಕೂತಿರುತ್ತಿದ್ದ. ಪೂಜೆಗೆ ಬರುವ ಹೆಂಗಸರು, "ನಿಮ್ಮಣ್ಣ ಈ ಸಲ ಸಂತರ ಹಾಗೆ ಕಾಣ್ತಾರೆ ಕಣ್ರೀ" ಎಂದರು. ಆಸ್ಪತ್ರೆಯ ಹಾಲ್‌ಗೆ ಹೊತ್ತುಕೊಂಡು ಹೋಗುವ ಚೀಲ ದೊಡ್ಡದಾಗಿತ್ತು. ನಾಲ್ಕು ಹೆಜ್ಜೆ ಆಚೆಗೆ ಸಾಲಾಗಿ ಡಾಕ್ಟರುಗಳ ಕೋಣೆಗಳು. ದಿನಾ ಆ ಬಾಗಿಲುಗಳ ಮುಂದೆಯೇ ಓಡಾಡಿ ಬಂದ ಪುಣ್ಯಾತ್ಮ.

ಒಂದು ವಾರ ಬ್ರೆಡ್ಡಿಗೆ ಉಪ್ಪು ಕೆಟ್ಟಿತು. ಮೊದಲ ದಿನ ಸಪ್ಪೆ, ಮರುದಿನ ಬಾಯಿಗಿಡಲಾಗದಷ್ಟು ಉಪ್ಪು. ಗಿರಾಕಿಗಳು ಬಂದು ಬೈದದ್ದು ನನಗೆ, ಗಲ್ಲಾದಲ್ಲಿ ಕೂರುವವಳು ನಾನಲ್ಲವೇ. ಸಿಟ್ಟು ನೆತ್ತಿಗೇರಿ ಒಳಗೆ ಹೋದೆ.

"ಏನಣ್ಣ ಇದು, ನಾಲಿಗೆ ಸತ್ತುಹೋಗಿದೆಯಾ ನಿಂಗೆ?"

"ರುಚಿ ನೋಡಿಲ್ಲ ಕಣೇ."

"ಅದಕ್ಕೆ ಅಪ್ಪನೇ ರಿಯಾಯಿತಿ ಕೊಟ್ಟಿದ್ನಲ್ಲ. ಉಗುರಿನಷ್ಟು ನೋಡಿದ್ರೆ ಉಪವಾಸ ಕೆಟ್ಟುಹೋಗುತ್ತಾ?"

"ಈ ಸಲ ಅದೂ ಬೇಡ ಅನ್ನಿಸ್ತು." ಹೇಳಿ ಕಣಕದ ಕಡೆ ತಿರುಗಿದ. ಅವನ ಕತ್ತಿನ ಹಿಂದೆ ಮೂಳೆ ಎದ್ದು ಕಾಣುತ್ತಿತ್ತು. ಮೇಲೆ ಹೋಗಿ ಅತ್ತಿಗೆಗೆ, "ಅವನ ಕತ್ತು ನೋಡಿದ್ಯಾ? ನೀನು ಹೆಂಡ್ತಿ ಕಣೇ, ಒಂದ್ ಮಾತು ಕೇಳು. ಕಟ್ಟಳೆಗಿಷ್ಟು ಬೆಂಕಿ ಹಾಕ" ಎಂದೆ. ಅತ್ತಿಗೆ ಬಟ್ಟೆ ಮಡಿಸುತ್ತಿದ್ದಳು. ತುಟಿ ಬಿಗಿಹಿಡಿದು ಒಲ್ಲೆನೆಂದು ತಲೆಯಾಡಿಸಿದಳು. ಕಣ್ಣಲ್ಲಿ ನೀರಿತ್ತು. ಅವಳಿಗೆ ಅದು ಎಷ್ಟು ಕಷ್ಟವಾಗಿತ್ತೋ! ಕೇಳಬೇಕೆಂಬ ಆಸೆ ಉಕ್ಕಿ ಬಂದಷ್ಟೂ ಅದನ್ನು ನುಂಗಿಕೊಳ್ಳುವುದೇ ತನ್ನ ಕಾಣಿಕೆ ಎಂದು ನಂಬಿ ಕೂತಿದ್ದಳು. ಅವಳ ಭಯವನ್ನೂ ಅವಳು ಪ್ರಲೋಭನೆ ಎಂದುಕೊಂಡಳು.

ಪವಿತ್ರ ಗುರುವಾರ ಸಂಜೆ ನಮ್ಮ ಇಗರ್ಜಿಯಲ್ಲಿ ಗುರುಗಳು, ಯೇಸು ತನ್ನ ಶಿಷ್ಯರ ಪಾದ ತೊಳೆದ ನೆನಪಿಗೆ, ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಆ ಸಲ ಅಣ್ಣನನ್ನೂ ಕೂರಿಸಿದ್ದರು. ಸಾಲಿನಲ್ಲಿ ಒಬ್ಬೊಬ್ಬರ ಮುಂದೆ ಬಗ್ಗಿ ನೀರು ಹಾಕಿ ಒರೆಸಿ ಮುಂದೆ ಹೋಗುತ್ತಿದ್ದ ಗುರುಗಳು ಅಣ್ಣನ ಮುಂದೆ ನಿಂತುಬಿಟ್ಟರು. ಕಾಲುಚೀಲ ತೆಗೆದ ಆ ಕಾಲು ಬರೀ ಕಡ್ಡಿ. ಹಿಮ್ಮಡಿಯ ಮೇಲಿನ ಗಂಟನ್ನು ಅವರು ಕೈಯಲ್ಲಿ ಹಿಡಿದುಕೊಂಡು ತಲೆಯೆತ್ತಿ ಅವನ ಮುಖ ನೋಡಿದರು. ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ಹಿಡಿದು ನಿಲ್ಲಿಸಿದರು.

"ಇದು ಉಪವಾಸದ ಕಾಲಲ್ಲಪ್ಪ. ನಾಳೆನೇ ಡಾಕ್ಟರಿಗೆ ತೋರಿಸು."

"ನಾಳೆ ಶುಭ ಶುಕ್ರವಾರ, ಫಾದರ್. ನಾಡಿದ್ದು ಪಾಸ್ಖದ ಬ್ರೆಡ್ಡು. ಹಬ್ಬ ಮುಗಿಸಿ ಹೋಗ್ತೀನಿ."

ಗುರುಗಳಾದರೂ ಬಾಯಿಬಿಟ್ಟು ಹೇಳಿದರು ಎಂಬುದಷ್ಟೇ ಅತ್ತಿಗೆಗೆ ಸಮಾಧಾನ. ದಾರಿಯುದ್ದಕ್ಕೂ ಅವನ ತೋಳು ಹಿಡಿದುಕೊಂಡು ಬಂದಳು, ತುಟಿ ಪಿಟಕ್ಕೆನ್ನಲಿಲ್ಲ. ಇನ್ನು ಮೂರು ದಿನವಲ್ಲವೇ ಎಂದುಕೊಂಡಿರಬೇಕು.

ಪಾಸ್ಖದ ಭಾನುವಾರ ಅವಳ ಬಾಯಿ ಬಿಚ್ಚಿತು. ಅಣೆಕಟ್ಟೆಯ ಬಾಗಿಲು ತೆಗೆದ ಹಾಗೆ. "ಎದ್ರೇನ್ರೀ? ಬನ್ರೀ, ಕೂತ್ಕೊಳ್ರೀ, ಇಷ್ಟು ದಿನ ಸುಮ್ನಿದ್ದೆ, ಇವತ್ತು ತಟ್ಟೆ ಖಾಲಿ ಮಾಡದೆ ಎದ್ರೆ ನೋಡಿ ಮತ್ತೆ!" ಮೇಜಿನ ಮೇಲೆ ಬೇಯಿಸಿದ ಮೊಟ್ಟೆ, ಹುರಿದ ಮಾಂಸ, ಬೆಣ್ಣೆ, ಅವನದೇ ಕೈಯ ಬ್ರೆಡ್ಡು. ಅಣ್ಣ ನಗುನಗುತ್ತ ಕೂತ. ಮಾಂಸದ ಒಂದು ತುಂಡು ಬಾಯಿಗೆ ಹಾಕಿಕೊಂಡ. ಅಗಿದ, ಅಗಿದ, ಅಗಿಯುತ್ತಲೇ ಇದ್ದ. ನುಂಗಲು ಹೋದಾಗ ಕಣ್ಣು ಮೇಲಕ್ಕೆ ಹೋಯಿತು. ಕೈಯಿಂದ ಮೇಜು ಹಿಡಿದುಕೊಂಡು, ಕರವಸ್ತ್ರಕ್ಕೆ ಎಲ್ಲ ಉಗಿದ. ಅದರಲ್ಲಿ ರಕ್ತವಿತ್ತು.

ಅತ್ತಿಗೆ ಮೊದಲು ನಕ್ಕಿದ್ದಳು, ಹಸಿದ ಹೊಟ್ಟೆಗೆ ಒಮ್ಮೆಲೇ ಹಾಕಿದ್ರೆ ಹೀಗೇ ಎಂದು. ಆ ನಗು ಮುಖದ ಮೇಲೆ ಹಾಗೇ ನಿಂತುಹೋಯಿತು.

"ಎಷ್ಟು ದಿನದಿಂದ ಹೀಗೆ?"

ಅಣ್ಣ ನೀರು ಕುಡಿಯಲು ನೋಡಿದ, ಅದೂ ಕಷ್ಟವಾಯಿತು. ನಾಚಿಕೆಯಿಂದ ಹೇಳಿದ: "ಬೂದಿ ಬುಧವಾರಕ್ಕೂ ಮುಂಚೆನೇ ಶುರುವಾಗಿತ್ತು. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಆಮೇಲೆ ಹಸಿವೇ ನಿಂತುಹೋಯ್ತು. ಪ್ರತಿ ವರ್ಷ ಬೇಡ್ಕೊಳ್ತಿದ್ದೆ ಕಣೇ, ದೇವರೇ ಈ ಹಸಿವೊಂದನ್ನ ತೆಗೆದುಬಿಡಪ್ಪಾ, ನೆಟ್ಟಗೆ ಉಪವಾಸ ಮಾಡ್ತೀನಿ ಅಂತ. ಈ ಸಲ ಕೇಳಿಸ್ಕೊಂಡ ಅಂದ್ಕೊಂಡೆ. ದೇವರು ಕೊಟ್ಟಿದ್ದನ್ನ ಊರಿಗೆಲ್ಲ ಹೇಳ್ಕೊಂಡು ತಿರುಗ್ಬಾರದಲ್ಲ."

"ನಾನು..." ಎಂದಳು ಅತ್ತಿಗೆ. "ನಾನು ಕೇಳೋದನ್ನೇ ಬಿಟ್ಟಿದ್ದೆ ಕಣ್ರೀ. ಬಿಡೋಕೆ ನಂಗೆ ಬೇರೇನೂ ಸಿಗ್ಲಿಲ್ವಲ್ಲಾ!" ಅವಳು ಎದೆ ಎದೆ ಹೊಡೆದುಕೊಂಡು ಅತ್ತದ್ದು ಕೆಳಗೆ ಬೀದಿಯಲ್ಲಿ ಹಬ್ಬದ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದವರಿಗೂ ಕೇಳಿಸಿತು. ಅಣ್ಣ ಅವಳ ಕೈ ಹಿಡಿದು ಬಿಡಿಸುತ್ತ, "ಸುಮ್ನಿರು, ಸುಮ್ನಿರು, ಹಬ್ಬದ ದಿನ" ಅನ್ನುತ್ತಿದ್ದ.

ಮರುದಿನ ದೊಡ್ಡ ಆಸ್ಪತ್ರೆಯ ಅದೇ ಹಾಲ್‌ನಲ್ಲಿ ನಾವು ಮೂವರೂ ಕಾಯುತ್ತ ಕೂತೆವು. ಅಲ್ಲಿ ವಾರಗಟ್ಟಲೆಯಿಂದ ಮಗಳಿಗಾಗಿ ಕಾಯುತ್ತಿದ್ದ ಒಬ್ಬ ಹೆಂಗಸು ಅವನ ಗುರುತು ಹಿಡಿದಳು. "ಬ್ರೆಡ್ಡಿನಣ್ಣ ಅಲ್ವಾ? ಅಯ್ಯೋ, ನೀವ್ಯಾಕೆ ಇಲ್ಲಿ?" ಎಂದು ಜಾಗ ಬಿಟ್ಟುಕೊಟ್ಟು, ತನ್ನ ಹತ್ತಿರವಿದ್ದ ಬನ್ನಿನಲ್ಲಿ ಅರ್ಧ ಮುರಿದು ಅವನ ಕೈಗಿಟ್ಟಳು. ಅಣ್ಣ ಬೇಡವೆನ್ನಲಿಲ್ಲ. ಸರದಿ ಬಂದು ಒಳಗೆ ಕರೆಯುವವರೆಗೂ ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂತಿದ್ದ.

ಡಾಕ್ಟರಮ್ಮ ಒಳ್ಳೆಯವಳು, ಸುತ್ತಿ ಬಳಸಿ ಮಾತಾಡಲಿಲ್ಲ. ಗಡ್ಡೆ ಅನ್ನನಾಳದಲ್ಲಿದೆ, ಸುತ್ತಲೂ ಹಬ್ಬಿದೆ ಎಂದಳು. ಮೊದಲೇ ಬಂದಿದ್ದರೆ ಎಂದು ಅತ್ತಿಗೆ ಕೇಳಿದಳು. ಕೇಳಬಾರದಿತ್ತು. "ಸ್ವಲ್ಪ ಮುಂಚೆ ಬಂದಿದ್ರೆ ಪ್ರಯತ್ನ ಮಾಡ್ಬಹುದಿತ್ತಮ್ಮ, ಗುಣ ಆಗ್ತಿತ್ತು ಅಂತ ನಾನು ಹೇಳೋಕಾಗಲ್ಲ" ಎಂದಳು ಡಾಕ್ಟರಮ್ಮ. ಆ ಮಾತಿನ ಮೊದಲರ್ಧವಷ್ಟೇ ಅತ್ತಿಗೆಯ ಕಿವಿಗೆ ಹೋಯಿತು. ಎರಡನೆಯ ಅರ್ಧವನ್ನು ನಾನು ಆಮೇಲೆ ಎಷ್ಟು ಸಲ ಹೇಳಿದರೂ ಅವಳು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಮೂಗಿನಿಂದ ಕೊಳವೆ ಇಳಿಸಿದರು. ಅತ್ತಿಗೆ ಸಿರಿಂಜಿನಲ್ಲಿ ಸೋಸಿದ ಸಾರು, ಹಾಲು ಹಾಕುತ್ತಿದ್ದಳು. ಬೇಕರಿಯನ್ನು ನಾನು ಒಬ್ಬ ಆಳನ್ನಿಟ್ಟುಕೊಂಡು ಹೇಗೋ ನಡೆಸಿದೆ. ಮೇಲಿನ ಕೋಣೆಯ ಗೋಡೆ ತಣ್ಣಗಾಗಬಾರದು ಎಂಬುದಕ್ಕಾದರೂ ಒಲೆ ಉರಿಯಬೇಕಿತ್ತು. ಅವನ ಮಂಚವನ್ನು ಆ ಗೋಡೆಗೇ ಒತ್ತರಿಸಿದ್ದೆವು. ಗುರುಗಳು ಪರಮಪ್ರಸಾದ ತರುತ್ತಿದ್ದರು. ರೊಟ್ಟಿ ಒಳಗೆ ಇಳಿಯದು, ಹಾಗಾಗಿ ದ್ರಾಕ್ಷಾರಸದ ಒಂದು ಹನಿಯನ್ನು ನಾಲಿಗೆಯ ಮೇಲೆ ಬಿಡುತ್ತಿದ್ದರು. ಜೀವಮಾನವಿಡೀ ಬ್ರೆಡ್ಡು ಸುಟ್ಟವನಿಗೆ ಕೊನೆಗೆ ಅವನ ದೇವರ ರೊಟ್ಟಿಯ ಚೂರೂ ದಕ್ಕಲಿಲ್ಲವಲ್ಲ ಎಂದು ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಎತ್ತಿ ಎತ್ತಿ ಕುಕ್ಕಿದೆ. ಗುರುಗಳಿಗೆ ಕೇಳಿಸಲಿ ಎಂದೇ ಕುಕ್ಕಿದೆ. ಪಾಪ, ಅವರು ಇಳಿದು ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟು ಹೋದರು.

ಅತ್ತಿಗೆಯ ಪಾಡು ಅವನಿಗಿಂತ ಕಷ್ಟವಾಗಿತ್ತು. ಅವನು ನೋವು ತಿನ್ನುತ್ತಿದ್ದ, ಅವಳು ತನ್ನನ್ನೇ ತಿನ್ನುತ್ತಿದ್ದಳು. ಹಗಲೆಲ್ಲ ಮಂಚದ ಪಕ್ಕ ಕೂತು ಅದೇ ಮಾತು ಕೇಳುತ್ತಿದ್ದಳು, ಹಸಿವಾಗ್ತಿದೆಯಾ, ಏನಾದ್ರೂ ಬೇಕಾ, ಒಂದು ಗುಟುಕು ಕೊಡ್ಲಾ. ಬಿಟ್ಟ ದಿನಗಳದ್ದನ್ನೆಲ್ಲ ಸೇರಿಸಿ ಕೇಳುವ ಹಾಗೆ. ಅಣ್ಣ ಇಲ್ಲವೆಂದು ತಲೆಯಾಡಿಸುತ್ತಿದ್ದ. ಇಲ್ಲವೆಂದಾಗಲೆಲ್ಲ ಅವಳ ಮುಖ ಇನ್ನಷ್ಟು ಬಾಡುತ್ತಿತ್ತು, ಅದು ಅವನಿಗೆ ಕಾಣುತ್ತಿತ್ತು. ಕೊಳವೆಯಲ್ಲಿ ಹಾಕಿದ್ದೂ ನಿಲ್ಲದಾದಾಗ ಅವನೇ ಸಾಕೆಂದು ಕೈಮುಗಿದ. ಡಾಕ್ಟರಮ್ಮ ಬಂದು ಕೊಳವೆ ತೆಗೆದು ಹೋದಳು, ತುಟಿ ಒದ್ದೆ ಮಾಡುತ್ತಿರಿ ಸಾಕು ಎಂದಳು.

ಅದಾದ ಮೇಲೆ ಒಂದು ಮಧ್ಯಾಹ್ನ, ಅವಳು ಎಂದಿನ ಹಾಗೆ ಹಸಿವಾಗ್ತಿದೆಯೇನ್ರೀ ಎಂದಳು. ಉತ್ತರದ ನಿರೀಕ್ಷೆಯಿಂದ ಕೇಳಿದ್ದಲ್ಲ. ಅಣ್ಣ ಕಣ್ಣು ಬಿಟ್ಟು ಅವಳನ್ನು ತುಂಬ ಹೊತ್ತು ನೋಡಿದ. ಆಮೇಲೆ ಗಾಳಿಯಷ್ಟೇ ಉಳಿದಿದ್ದ ದನಿಯಲ್ಲಿ, "ಹೂಂ. ತುಂಬಾ ಹಸಿವಾಗ್ತಿದೆ" ಎಂದ.

ಅತ್ತಿಗೆ ಎದ್ದು ಓಡಿದ ಪರಿಯನ್ನು ನಾನು ಹೇಳಲಾರೆ. ಹಾಲು ಬಿಸಿ ಮಾಡಿ, ಆ ದಿನದ ಬ್ರೆಡ್ಡಿನ ಮೆದು ಭಾಗ ಕಿವುಚಿ, ಸೋಸಿ, ಸಕ್ಕರೆ ಹಾಕಿ ಬಟ್ಟಲು ಹಿಡಿದುಕೊಂಡು ಬಂದಳು. ನಾನು ಮಂಚದ ಈಚೆ ಕಡೆ, ಅವನ ತಲೆಗೆ ಆನಿಕೆಯಾಗಿ ಕೂತು, ಗಲ್ಲದ ಕೆಳಗೆ ಟವೆಲ್ ಹಿಡಿದೆ. ಅವಳು ಒಂದು ಚಮಚ ಹಾಕಿದಳು. ಅವನು ಬಾಯಿ ಮುಚ್ಚಿಕೊಂಡು ಅವಳನ್ನು ನೋಡಿ ನಕ್ಕ. ಮುಂದಿನ ಚಮಚಕ್ಕೆ ಅವಳು ಬಟ್ಟಲಿನ ಕಡೆ ಬಗ್ಗಿದ ಕ್ಷಣ, ಮೆಲ್ಲಗೆ ನನ್ನ ಕಡೆ ತಿರುಗಿ ಎಲ್ಲವನ್ನೂ ಟವೆಲ್ಲಿಗೆ ಬಿಟ್ಟ. ನನ್ನ ಕಣ್ಣು ಅವನ ಕಣ್ಣಿಗೆ ಸಿಕ್ಕಿತು. ಹೇಳಬೇಡ ಎಂದಿತ್ತು ಆ ನೋಟ. ಮತ್ತೆ ಅವಳ ಕಡೆ ತಿರುಗಿ ಬಾಯಿ ತೆರೆದ.

"ರುಚಿಯಾಗಿದೆಯಾ?"

ಹೌದೆಂದು ತಲೆಯಾಡಿಸಿದ.

"ಇನ್ನೊಂದು ಚಮಚ?"

ಮತ್ತೆ ಬಾಯಿ ತೆರೆದ. ಬಟ್ಟಲು ಖಾಲಿಯಾಗುವವರೆಗೂ ಹಾಗೇ ನಡೆಯಿತು. ಅತ್ತಿಗೆ ಮುಖ ಅರಳಿಸಿಕೊಂಡು ಬಟ್ಟಲು ಕೆರೆದು ಕೆರೆದು ಹಾಕಿದಳು. ನಾನು ಟವೆಲ್ಲನ್ನು ಮಡಿಸುತ್ತ ಮಡಿಸುತ್ತ ಒಣಗಿದ ಬದಿಯನ್ನು ಮೇಲೆ ಮಾಡುತ್ತ ಹೋದೆ. ನನ್ನ ತೊಡೆಯವರೆಗೂ ಬಿಸಿಹಾಲು ಇಳಿದಿತ್ತು.

ಮರುದಿನ ಬೆಳಗ್ಗೆ, ಮೊದಲ ಒಬ್ಬೆ ಬ್ರೆಡ್ಡು ಒಲೆಯಿಂದ ಇಳಿಯುವ ಹೊತ್ತಿಗೆ ಅಣ್ಣ ಹೋಗಿಬಿಟ್ಟ.

ಮಣ್ಣಿಗೆ ಬಂದವರೆಲ್ಲ ಅತ್ತಿಗೆಯ ಕೈ ಹಿಡಿದು ಅತ್ತರು. ಅವಳು ಒಬ್ಬೊಬ್ಬರಿಗೂ ಅದನ್ನೇ ಹೇಳಿದಳು. ಗುರುಗಳಿಗೂ ಹೇಳಿದಳು, ಡಾಕ್ಟರಮ್ಮನಿಗೂ ಹೇಳಿದಳು. "ಕೊನೇ ದಿನ ನಾನು ಕೇಳ್ದೆ. ಹಸಿವು ಅಂದ್ರು. ಒಂದು ಬಟ್ಟಲು ಪೂರ್ತಿ ತಿಂದ್ರು, ಹೊಟ್ಟೆ ತುಂಬ ತಿಂದ್ಕೊಂಡೇ ಹೋದ್ರು." ಡಾಕ್ಟರಮ್ಮ ನನ್ನ ಮುಖ ನೋಡಿದಳು. ಸುಳ್ಳು ಕೇಳಿದರೆ ಮೈ ಉರಿಯುವವಳು ನಾನು. ಬೀದಿಯಲ್ಲಿ ಎಲ್ಲರಿಗೂ ಅದು ಗೊತ್ತು.

"ಅಲ್ವೇನೇ?" ಎಂದು ಅತ್ತಿಗೆ ನನ್ನ ಕಡೆ ತಿರುಗಿದಳು. "ನೀನೂ ಇದ್ಯಲ್ಲ, ಪಕ್ಕದಲ್ಲೇ ಕೂತಿದ್ಯಲ್ಲ?"

"ಹೂಂ ಅತ್ತಿಗೆ," ಎಂದೆ. "ಒಂದು ಹನಿಯೂ ಬಿಡ್ಲಿಲ್ಲ."